ತೋರಿಸದೆ ವಾಪಸು ತಂದ ಚೀಟಿ

ರೆಕಾರ್ಡ್ ಕೀಪರ್ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗೀಗ ನಮ್ಮ ಮನೆಗೆ ಬರುತ್ತಾರೆ. ಕಡತ ಹೇಗೆ ಕಟ್ಟಬೇಕು, ಎಷ್ಟು ವರ್ಷ ಇಡಬೇಕು, ಯಾವುದನ್ನು ಸುಡಬಹುದು ಎಂದು ಕೇಳುತ್ತಾರೆ. ಅದನ್ನೆಲ್ಲ ಒಂದು ಲೋಟ ಕಾಫಿ ಆರುವುದರೊಳಗೆ ಹೇಳಿಕೊಡಬಹುದು. ಅಷ್ಟು ಸುಲಭವಾಗಿ ಹೇಳಿಕೊಡಲು ಬಾರದ ಒಂದು ಸಂಗತಿ ಈ ಕೆಲಸದಲ್ಲಿದೆ. ಅದಕ್ಕಾಗಿ ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದು ಇಲ್ಲಿ ಬರುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ.

ಅದು ಮಹಾರಾಜರ ಕಾಲ. ಈಗ ರಾಮನಗರ ಎನ್ನುವ ಊರು ಆಗ ಕ್ಲೋಸ್‌ಪೇಟೆ, ಕನಕಪುರ ಆಗ ಕಾನಕಾನಹಳ್ಳಿ. ನಾನು ಮೊದಲು ಮಾಗಡಿ ತಾಲ್ಲೂಕು ಕಚೇರಿಯಲ್ಲಿ, ಆಮೇಲೆ ಚನ್ನಪಟ್ಟಣದಲ್ಲಿ, ಕೊನೆಗೆ ಕಾನಕಾನಹಳ್ಳಿಯಲ್ಲಿ ಕಾಗದ ಕಾಯ್ದವನು. ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಗೆದ್ದಲು ಹತ್ತದಂತೆ ಹಲಗೆಯ ಮೇಲೆ ಜೋಡಿಸಿ, ಕೇಳಿದಾಗ ತೆಗೆದುಕೊಡುವುದು ನನ್ನ ಕೆಲಸ. ಹೊರಗಿನವರು ಅಷ್ಟೇ ಎಂದುಕೊಂಡಿದ್ದರು. ಕೇಳಿದಾಗ ಕೊಡದೆ ಇರುವುದೂ ನನ್ನ ಕೆಲಸವೇ ಆಗಿತ್ತು.

ಯಾವುದಾದರೂ ದಾವೆಯಲ್ಲಿ ನಮ್ಮ ಕಚೇರಿಯ ಕಾಗದ ಬೇಕಾದರೆ ಕೋರ್ಟಿನಿಂದ ಸಮನ್ಸ್ ಬರುತ್ತಿತ್ತು. ಸಾಮಾನ್ಯ ಕಾಗದವಾದರೆ ಕೊಡುತ್ತಿದ್ದೆವು. ಬಹಿರಂಗವಾದರೆ ಆಡಳಿತಕ್ಕೆ ತೊಡಕಾಗುವಂಥದ್ದಾದರೆ, ಇದನ್ನು ಸಾಕ್ಷ್ಯವಾಗಿ ಕೊಡಲಾಗುವುದಿಲ್ಲ ಎಂದು ಹೇಳುವ ಹಕ್ಕು ಸರ್ಕಾರಕ್ಕೆ ಇತ್ತು. ಸಾಕ್ಷ್ಯದ ಕಾಯಿದೆಯೇ ಆ ಹಕ್ಕನ್ನು ಕೊಟ್ಟಿತ್ತು. ಇಲಾಖೆಯ ಮುಖ್ಯಸ್ಥರು ಕಾಗದವನ್ನು ಸ್ವತಃ ಓದಿ, ಯೋಚಿಸಿ, ಕೊಡಬಾರದೆಂದು ಬರೆದು ರುಜು ಹಾಕಬೇಕು. ಸ್ವತಃ ಓದಿ ಎಂಬ ಮಾತನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನಾನು ಈ ವಿದ್ಯೆ ಕಲಿತದ್ದು ಬೈಸಿಕೊಂಡು. ಮಾಗಡಿಯಲ್ಲಿದ್ದಾಗ ಕೆರೆಯ ತೂಬಿನ ವಿಷಯವಾಗಿ ಎರಡು ಹಳ್ಳಿಗಳ ನಡುವೆ ದಾವೆ ಬಿತ್ತು. ನಮ್ಮಲ್ಲಿದ್ದ ಗುಟ್ಟಿನ ವರದಿಯೊಂದಕ್ಕೆ ಕ್ಲೋಸ್‌ಪೇಟೆಯ ಮುನ್ಸಿಫ್ ಕೋರ್ಟಿನಿಂದ ಸಮನ್ಸ್ ಬಂತು. ಕೊಡುವುದಿಲ್ಲ ಎಂಬ ಪತ್ರ ತಯಾರಾಯಿತು. ಕೊಡುವುದೇ ಇಲ್ಲವೆಂದ ಮೇಲೆ ವರದಿಯನ್ನೇಕೆ ಹೊರುವುದು ಎಂದುಕೊಂಡು ನಾನು ಪತ್ರವೊಂದನ್ನೇ ಜೇಬಿನಲ್ಲಿಟ್ಟುಕೊಂಡು ಗಾಡಿ ಹತ್ತಿದೆ.

ಮುನ್ಸಿಫರು ಪತ್ರ ಓದಿ ಕನ್ನಡಕದ ಮೇಲಿಂದ ನೋಡಿದರು. "ಕಾಗದ ಎಲ್ಲಿ?" ಎಂದರು.

"ಸರ್ಕಾರ ಕೊಡುವುದಿಲ್ಲ ಸ್ವಾಮಿ."

"ಕೊಡು ಅಂತ ಯಾರು ಕೇಳಿದರು? ತಾ ಅಂದೆ. ತರೋದು ನಿನ್ನ ಕೆಲಸ. ಅದನ್ನ ತೋರಿಸಬೇಕೋ ಬೇಡವೋ ಅನ್ನೋದು ನನ್ನ ಕೆಲಸ. ನನ್ನ ಕೆಲಸಾನ ಮಾಗಡೀಲೇ ಮುಗಿಸಿ ಬಂದಿದ್ದೀಯಲ್ಲ, ಭೇಷ್!"

ಕೋರ್ಟೆಲ್ಲ ನಕ್ಕಿತು. ಅದೇ ಗಾಡಿಯಲ್ಲಿ ಹಿಂತಿರುಗಿ ಮಾರನೆಯ ದಿನ ವರದಿಯನ್ನು ಹೊತ್ತು ತಂದೆ. ಮುನ್ಸಿಫರು ಮೊಹರನ್ನು ದೂರದಿಂದ ನೋಡಿ, ಪತ್ರವನ್ನು ಒಪ್ಪಿ, ವಾಪಸು ಒಯ್ಯಲು ಹೇಳಿದರು. ಮೊಹರು ಒಡೆಯಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು. ಆದರೆ ಅಂದಿನಿಂದ ಈ ಕೆಲಸದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಕಾಗದವನ್ನು ಕೋರ್ಟಿಗೆ ತರುವುದು, ತೋರಿಸದೆ ಒಯ್ಯುವುದು.

ಚನ್ನಪಟ್ಟಣದ ಕಚೇರಿಯಲ್ಲಿ ನನ್ನ ಜೊತೆ ಬರುತ್ತಿದ್ದ ಜವಾನ ಮರಿಯಪ್ಪನಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. "ಅಲ್ಲ ಬುದ್ಧಿ, ತೋರ್ಸಾಕಿಲ್ಲ ಅಂದ್‌ಮ್ಯಾಕೆ ಇದ್ನ ಯಾಕ್ ಹೊತ್ಕಂಡ್ ಬರ್ಬೇಕು? ಗಂಡಿಗೆ ಮುಖ ತೋರ್ಸ್‌ದಂಗೆ ಹೆಣ್ಣ ಮೆರೊಣ್ಗೆ ಮಾಡ್ಸಿ ತವ್ರಿಗೆ ಕಳ್ಸ್‌ದಂಗಾಯ್ತು" ಎನ್ನುತ್ತಿದ್ದ. ನಾನು ಕಾಯಿದೆ ವಿವರಿಸುತ್ತಿದ್ದೆ. "ಕಾಯ್ದೆ ಐತೆ, ಸರಿ. ಬುದ್ಧಿ ಐತಾ?" ಎಂದು ಕೇಳಿ ತಾಂಬೂಲ ಮೆಲ್ಲುತ್ತಿದ್ದ.

ಇದೇ ಮರಿಯಪ್ಪನ ರಜೆ ಅರ್ಜಿಯೊಂದು ರಾಜ್ಯದ ಗುಟ್ಟಾಗಿ ಮೂರು ಸಲ ಕೋರ್ಟಿಗೆ ಹೋಗಿ ಬಂದಿತ್ತು. ಒಂದು ಲಕೋಟೆ ಮೂರು ವಾಯಿದೆಗೂ ಹೋಯಿತು, ಮೂರು ಸಲವೂ ಮೊಹರು ಒಡೆಯದೆ ವಾಪಸು ಬಂತು. ಆಮೇಲೆ ಕಡತ ಸೇರಿಸಲು ಬಿಚ್ಚಿ ನೋಡಿದರೆ ಒಳಗಿದ್ದದ್ದು ಗುಟ್ಟಿನ ವರದಿಯಲ್ಲ, ಮೈದುನನ ಮದುವೆಗೆ ನಾಲ್ಕು ದಿನ ರಜೆ ಬೇಕೆಂಬ ಅರ್ಜಿ. ನಾನೇ ತಪ್ಪಿ ಹಾಕಿದ್ದೆ, ವರದಿ ಹಲಗೆಯಿಂದ ಇಳಿದೇ ಇರಲಿಲ್ಲ. ತಾಲ್ಲೂಕಿನ ಅಮಲ್ದಾರರು ರುಜು ಹಾಕಿದ್ದರು, ಇಲಾಖೆಯ ಮುಖ್ಯಸ್ಥರಾದ ಬೆಂಗಳೂರಿನ ಡೆಪ್ಯುಟಿ ಕಮಿಷನರ್ ಸಾಹೇಬರು ರುಜು ಹಾಕಿದ್ದರು. ನಾನೂ ಮರಿಯಪ್ಪನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಯಾರೂ ಓದಿರಲಿಲ್ಲ ಎನ್ನುವುದು ಅದರಿಂದ ಗೊತ್ತಾಗಬೇಕಿತ್ತು. ಅದನ್ನು ನಾನು ನಗೆಯ ಸಂಗತಿಯೆಂದೇ ತಿಳಿದಿದ್ದೆ.

ಯಾರೂ ಓದದಿರಲು ಒಂದು ಕಾರಣವಿತ್ತು. ನಾನು ಸೇರಿದ ಹೊಸತರಲ್ಲಿ ಪ್ರತಿ ಸಲವೂ, ಇಂಥ ಕಾಗದವನ್ನು ಇಂಥ ಕಾರಣಕ್ಕೆ ಕೊಡಲಾಗದು ಎಂದು ಕೈಯಲ್ಲಿ ಬರೆಯಬೇಕಿತ್ತು. ಕಾರಣ ಬರೆಯಬೇಕಾದರೆ ಕಾಗದ ಓದಲೇಬೇಕು. ಆಮೇಲೆ ಅಚ್ಚಿನ ನಮೂನೆ ಬಂತು. "ಸದರಿ ದಸ್ತಾವೇಜನ್ನು ನಾನು ಖುದ್ದಾಗಿ ಓದಿ ಪರಿಶೀಲಿಸಿರುತ್ತೇನೆ" ಎಂಬುದು ಅಚ್ಚಿನಲ್ಲೇ ಇತ್ತು. ನಾನು ನಂಬರು ತುಂಬುತ್ತಿದ್ದೆ. ನಾನು ತುಂಬಿದ್ದಕ್ಕೆ ಅಮಲ್ದಾರರು ಶಿಫಾರಸು ಬರೆಯುತ್ತಿದ್ದರು. ಅಮಲ್ದಾರರು ಕಳಿಸಿದ್ದಕ್ಕೆ ಬೆಂಗಳೂರಿನಲ್ಲಿ ರುಜು ಬೀಳುತ್ತಿತ್ತು. ಕೆಲಸ ಬೇಗ ಆಗುತ್ತಿದೆ ಎಂದು ನಾವೆಲ್ಲ ಹಿಗ್ಗಿದೆವು.

ಇನ್ನು ಖಾದರ್ ಮತ್ತು ಬುಡನ್ ಎಂಬ ಅಣ್ಣತಮ್ಮಂದಿರ ಸಂಗತಿಗೆ ಬರುತ್ತೇನೆ.

ಇಬ್ಬರೂ ಚನ್ನಪಟ್ಟಣದಲ್ಲಿ ಬಣ್ಣದ ಆಟಿಕೆ ಮಾಡುತ್ತಿದ್ದವರು. ಮರ ಕಡೆಯುವ ಆಗಿನ ಕೈ ಚರಕಿಯಲ್ಲಿ ಒಬ್ಬನೇ ಕೂತು ಮಾಡುವ ಕೆಲಸ ಅದಾಗಿರಲಿಲ್ಲ, ಅವರ ಮನೆಯಲ್ಲಂತೂ ಅಲ್ಲ. ಹಾಲೆ ಮರದ ತುಂಡನ್ನು ಚರಕಿಗೆ ಸಿಕ್ಕಿಸಿದರೆ ತಮ್ಮ ಬುಡನ್ ಹಗ್ಗ ಎಳೆದು ತಿರುಗಿಸಬೇಕು. ಅಣ್ಣ ಖಾದರ್ ಉಳಿ ಹಿಡಿದು ರೂಪ ಕೊಟ್ಟು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಬೇಕು. ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಎಳೆಯುವ ಕೈ, ಒತ್ತುವ ಕೈ ಎರಡೂ ಒಂದೇ ಹದದಲ್ಲಿರಬೇಕು. ನಮ್ಮ ಕಚೇರಿಯ ಮೊಹರಿನ ಅರಗನ್ನೂ ನಾನು ಅವರಲ್ಲೇ ತರುತ್ತಿದ್ದೆ. ಹೋದಾಗಲೆಲ್ಲ ಅಣ್ಣ ಬಾಯಿ ಬಿಡುವ ಮೊದಲೇ ತಮ್ಮ ಹಗ್ಗ ನಿಲ್ಲಿಸುವುದನ್ನು ನೋಡಿ ಬೆರಗಾಗಿದ್ದೇನೆ.

ಅವರ ತಾಯಿ ಹಮೀದಾಬಿ. ಗಂಡ ಸತ್ತ ಮೇಲೆ ಇಬ್ಬರನ್ನೂ ಬೆಳೆಸಿದವಳು. ಗೋಷಾ ಹೆಂಗಸು, ನಾನು ಮುಖ ನೋಡಿದವನಲ್ಲ. ಬಾಗಿಲ ಪರದೆಯ ಹಿಂದಿನಿಂದ ನೀರು ಬೇಕೇ ಎಂದು ಕೇಳಿದ ದನಿ ಮಾತ್ರ ಕೇಳಿದ್ದೆ.

ಪ್ಲೇಗಿನ ವರ್ಷ ಬಂತು. ಮನೆಗಳಲ್ಲಿ ಇಲಿ ಸತ್ತು ಬಿದ್ದವು. ರೋಗದ ಮನೆಯನ್ನು ತೆರವು ಮಾಡಿಸಿ, ರೋಗಿಯನ್ನು ಊರಾಚೆಯ ಶೆಡ್ಡಿಗೆ ಸಾಗಿಸಿ, ಹೆಂಚು ತೆಗೆಸಿ ಬಿಸಿಲು ಬೀಳಿಸುವುದು ಆಗಿನ ಕಟ್ಟಳೆ. ಜನ ರೋಗಕ್ಕಿಂತ ಶೆಡ್ಡಿಗೆ ಹೆದರಿ ರೋಗಿಗಳನ್ನು ಅಟ್ಟದಲ್ಲಿ, ಒಳಕೋಣೆಯಲ್ಲಿ ಮುಚ್ಚಿಡುತ್ತಿದ್ದರು. ಆಮೇಲೆ ಮನೆಗೆ ಮನೆಯೇ ಹೋಗುತ್ತಿತ್ತು. ಅದಕ್ಕೆ ಅಮಲ್ದಾರರು ಡಂಗುರ ಹೊಡೆಸಿದ್ದರು: ರೋಗದ ಸುಳಿವು ಕೊಟ್ಟವರ ಹೆಸರು ಯಾವ ಕಾಲಕ್ಕೂ ಹೊರಬರುವುದಿಲ್ಲ, ಇದು ಸರ್ಕಾರದ ಮಾತು.

ಹಮೀದಾಬಿಗೆ ಜ್ವರ ಬಂದ ಎರಡನೆಯ ದಿನ ಪ್ಲೇಗ್ ಇನ್ಸ್‌ಪೆಕ್ಟರು ಆಳುಗಳೊಂದಿಗೆ ಅವರ ಮನೆಗೆ ಹೋದರು. ಖಾದರ್ ಬಾಗಿಲಿಗೆ ಅಡ್ಡ ನಿಂತ. ಇನ್ಸ್‌ಪೆಕ್ಟರು ಆಡಬಾರದ ಮಾತಾಡಿದರು. "ನಮಗೇನು ಕನಸು ಬಿದ್ದಿತ್ತೇನಯ್ಯಾ? ನಿಮ್ಮ ಮನೆಯಿಂದಲೇ ಕನ್ನಡದಲ್ಲಿ ಬರೆದ ಚೀಟಿ ಬಂದಿದೆ." ಪರಗಂಡಸರು ಆಕೆಯನ್ನು ಮಂಚದ ಸಮೇತ ಎತ್ತಿಕೊಂಡು ಹೋದರು. ಮೂರನೆಯ ದಿನ ಆಕೆ ಶೆಡ್ಡಿನಲ್ಲಿ ತೀರಿಕೊಂಡಳು.

ಆ ಮನೆಯಲ್ಲಿ ಕನ್ನಡ ಬರೆಯಲು ಬರುತ್ತಿದ್ದದ್ದು ಬುಡನ್‌ಗೆ ಒಬ್ಬನಿಗೇ.

ಖಾದರ್ ಮಸೀದಿಯಲ್ಲಿ ಜಮಾತಿನವರೆಲ್ಲರ ಎದುರಿಗೆ ತಮ್ಮನೇ ತಾಯಿಯನ್ನು ಹಿಡಿದುಕೊಟ್ಟ ಎಂದು ಹೇಳಿದ. ಬುಡನ್ ಕುರಾನಿನ ಮೇಲೆ ಕೈಯಿಟ್ಟು ಇಲ್ಲವೆಂದ. ಯಾರೂ ನಂಬಲಿಲ್ಲ. ಅವನು ಬೇರೆ ಮನೆ ಮಾಡಬೇಕಾಯಿತು, ಆ ಮನೆಗೆ ಜನ ಹೋಗಿಬರುವುದು ನಿಂತಿತು. ಕೊನೆಗೆ ಬುಡನ್ ಅಣ್ಣನ ಮೇಲೆ ಮಾನನಷ್ಟದ ದಾವೆ ಹೂಡಿದ. ಅವನಿಗೆ ಬೇಕಾಗಿದ್ದದ್ದು ಒಂದೇ. ಚೀಟಿ ಕೋರ್ಟಿಗೆ ಬರಬೇಕು, ಅದು ತನ್ನ ಕೈಬರಹವಲ್ಲ ಎಂದು ನಾಲ್ಕು ಜನ ನೋಡಬೇಕು. ಖಾದರ್ ಕೂಡ ಅದನ್ನೇ ಕೇಳಿದ. ಅವನ ಕೈಬರಹ ಅಲ್ಲದಿದ್ದರೆ ಜಮಾತಿನ ಮುಂದೆಯೇ ತಮ್ಮನ ಕಾಲು ಹಿಡಿಯುತ್ತೇನೆ ಎಂದು ಹೇಳಿಕೆ ಬರೆದುಕೊಟ್ಟ. ವಾದಿ ಪ್ರತಿವಾದಿ ಇಬ್ಬರೂ ಒಂದೇ ಕಾಗದವನ್ನು ಬೇಡಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಸಮನ್ಸ್ ಬಂತು. ನಾನು ಎಂದಿನಂತೆ ಅಚ್ಚಿನ ನಮೂನೆ ತೆಗೆದು ನಂಬರು ತುಂಬಿದೆ. ಪ್ಲೇಗಿನ ಸುಳಿವಿನ ಚೀಟಿ ಎಂದ ಮೇಲೆ ಕೊಡುವ ಪ್ರಶ್ನೆಯೇ ಇಲ್ಲ, ಓದುವ ಅಗತ್ಯವೇನು? ಅಮಲ್ದಾರರ ಶಿಫಾರಸು ಬಿತ್ತು. ಬೆಂಗಳೂರಿಗೆ ಹೋಯಿತು. ವಾರದೊಳಗೆ ರುಜುವಾಗಿ ಬಂತು. ವಾಯಿದೆಯ ಹಿಂದಿನ ದಿನ ಮಧ್ಯಾಹ್ನ ಲಕೋಟೆಗೆ ಹಾಕಿ ಮೊಹರು ಮಾಡಲು ಚೀಟಿಯನ್ನು ಹುಡುಕಿ ತೆಗೆದೆ. ರಜೆ ಅರ್ಜಿಯ ತಪ್ಪು ಮತ್ತೆ ಆಗಬಾರದೆಂದು ಒಮ್ಮೆ ಕಣ್ಣಾಡಿಸಿದೆ.

ಸರ್ಕಾರಿ ಆಸ್ಪತ್ರೆಯ ದಾದಿಯೊಬ್ಬಳು ಬರೆದದ್ದು. ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಹೋದಾಗ ಹಿತ್ತಿಲ ಕಿಟಕಿಯಿಂದ ಕರೆದು ಬರೆಸಿದ್ದೆಂದು ಮೇಲೆ ಒಂದು ಸಾಲು. ಕೆಳಗೆ ಇಷ್ಟು:

"ನನಗೆ ಕಂಕುಳಲ್ಲಿ ಗೆಡ್ಡೆ ಎದ್ದಿದೆ. ಮನೆಯಲ್ಲಿ ಐದು ಮಕ್ಕಳಿವೆ. ಚಿಕ್ಕವಳು ನನ್ನ ಪಕ್ಕದಲ್ಲೇ ಮಲಗುತ್ತೇನೆಂದು ಹಟ ಮಾಡುತ್ತಾಳೆ, ದೂಡಿದರೂ ಬರುತ್ತಾಳೆ. ನನ್ನ ಗಂಡುಮಕ್ಕಳು ನನ್ನನ್ನು ಒಳಗಿಟ್ಟಿದ್ದಾರೆ, ಬಿಟ್ಟುಕೊಡುವುದಿಲ್ಲ. ಬೇಗ ಬಂದು ನನ್ನನ್ನು ಕರೆದುಕೊಂಡು ಹೋಗಿ. ನಾನು ಹೇಳಿದೆನೆಂದು ಮಕ್ಕಳಿಗೆ ತಿಳಿಸಬೇಡಿ. ತಿಳಿದರೆ ತಡೆಯುತ್ತಾರೆ."

ಅದರ ಕೆಳಗೆ ಹೆಬ್ಬೆಟ್ಟಿನ ಗುರುತು. ಮಸಿಯದ್ದಲ್ಲ. ಆಟಿಕೆಯ ಅರಗಿಗೆ ಬೆರೆಸುವ ಇಂಗಳೀಕದ ಕೆಂಪು. ಮನೆಯಲ್ಲಿ ಕೈಗೆ ಸಿಕ್ಕಿದ್ದು ಅದೇ ಇರಬೇಕು. ಹಮೀದಾಬಿಯ ಗುರುತು ಎಂದು ದಾದಿ ಪಕ್ಕದಲ್ಲಿ ಬರೆದಿದ್ದಳು. ಆ ದಾದಿ ಅದೇ ಪ್ಲೇಗಿನಲ್ಲಿ ಸತ್ತಿದ್ದಳು.

ಚೀಟಿ ಹಿಡಿದು ಎದ್ದು ಅಮಲ್ದಾರರ ಕೋಣೆಗೆ ಹೋದೆ. ಅವರು ಕೆಟ್ಟ ಮನುಷ್ಯರಲ್ಲ. ಪ್ಲೇಗಿನ ದಿನಗಳಲ್ಲಿ ತಾವೇ ಶೆಡ್ಡುಗಳಿಗೆ ಹೋಗಿ ಗಂಜಿಯ ರುಚಿ ನೋಡಿ ಬರುತ್ತಿದ್ದವರು. ಚೀಟಿ ಓದಿದರು. ಇನ್ನೊಂದು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನು ಕೋರ್ಟಿಗೆ ಕೊಡಬೇಕು ಸ್ವಾಮಿ. ಅಣ್ಣತಮ್ಮಂದಿರು ಒಂದಾಗುತ್ತಾರೆ" ಎಂದೆ.

ಅವರು ಚೀಟಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು: "ಇದನ್ನ ಕೊಟ್ಟರೆ ನಾಳೆ ಏನಾಗುತ್ತೆ ಯೋಚನೆ ಮಾಡಿ. ತೊಂದರೆ ಇಲ್ಲದ ಚೀಟಿ ತೋರಿಸ್ತೀವಿ, ಉಳಿದದ್ದು ಮುಚ್ಚಿಡ್ತೀವಿ ಅಂತಾದರೆ, ಮುಚ್ಚಿಟ್ಟದ್ದೇ ಒಂದು ಸಾಕ್ಷಿ ಆಗುತ್ತೆ. ಮುಚ್ಚಿಟ್ಟರಲ್ಲ, ಹಾಗಾದರೆ ಮನೆಯವರೇ ಬರೆದದ್ದು ಅಂತ ಜನ ತೀರ್ಮಾನಿಸ್ತಾರೆ. ಆಮೇಲೆ ಯಾರು ಸುಳಿವು ಕೊಡ್ತಾರೆ? ಎಲ್ಲಾನೂ ಮುಚ್ಚಿಟ್ಟರೇ ಮುಚ್ಚಿಟ್ಟದ್ದಕ್ಕೆ ಅರ್ಥ ಇರೋದಿಲ್ಲ. ಅಲ್ಲದೆ ಆಕೆಯೇ ಮಕ್ಕಳಿಗೆ ತಿಳಿಸಬೇಡಿ ಅಂತ ಬರೆಸಿದ್ದಾಳಲ್ಲ."

"ಅದರ ಮುಂದಿನ ಸಾಲು ನೋಡಿ ಸ್ವಾಮಿ. ತಿಳಿದರೆ ತಡೆಯುತ್ತಾರೆ ಅಂತಿದೆ. ಈಗ ತಡೆಯುವುದಕ್ಕೆ ಏನು ಉಳಿದಿದೆ?"

ಅವರು ಕಿಟಕಿಯ ಕಡೆ ತಿರುಗಿದರು. ದನಿ ತಗ್ಗಿತು. "ಸಾಹೇಬರು ರುಜು ಹಾಕಿಯಾಗಿದೆ. ಖುದ್ದಾಗಿ ಓದಿದ್ದೇನೆ ಅಂತ. ಈಗ ನಾನು ಬೆಂಗಳೂರಿಗೆ ಏನಂತ ಬರೀಲಿ? ನಾವು ಯಾರೂ ಓದಿರಲಿಲ್ಲ, ಈಗ ಓದಿದೆವು ಅಂತಲೇ? ನಿಮ್ಮ ಕೆಲಸ ಉಳಿಯುತ್ತಾ? ನನ್ನದು?"

ಅವರ ಮೊದಲಿನ ಮಾತಿಗೆ ನನಗೆ ಇವತ್ತಿಗೂ ಸರಿಯಾದ ಉತ್ತರ ಸಿಕ್ಕಿಲ್ಲ. ಸುಳಿವು ಕೊಟ್ಟವರ ಹೆಸರು ಕಾಯ್ದದ್ದರಿಂದ ಆ ಊರಿನಲ್ಲಿ ಎಷ್ಟು ಮಕ್ಕಳು ಉಳಿದವೋ ಯಾರು ಬಲ್ಲರು! ಸರ್ಕಾರ ಸುಮ್ಮನೆ ಗುಟ್ಟು ಮಾಡುತ್ತದೆ ಎಂದು ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಆವತ್ತು ನನ್ನನ್ನು ಸುಮ್ಮನಾಗಿಸಿದ್ದು ಆ ಮಾತಲ್ಲ. ಎರಡನೆಯ ಮಾತು. ನನ್ನ ಕೆಲಸ ಉಳಿಯುತ್ತಾ ಎಂಬ ಮಾತು. ನನಗೆ ಆಗ ಮೂರು ಹೆಣ್ಣುಮಕ್ಕಳು. ವಾಪಸು ಬಂದು ಕೂತು ಅರಗು ಕಾಯಿಸಿ ಮೊಹರು ಒತ್ತಿದೆ.

ಮಾರನೆಯ ದಿನ ಕ್ಲೋಸ್‌ಪೇಟೆಯ ಕೋರ್ಟು ತುಂಬಿತ್ತು. ಚನ್ನಪಟ್ಟಣದಿಂದ ಜಮಾತಿನ ಹಿರಿಯರು ಬಂದಿದ್ದರು. ಹಳೆಯ ಮುನ್ಸಿಫರು ವರ್ಗವಾಗಿ ಹೋಗಿದ್ದರು. ಈಗಿನವರು ವಯಸ್ಸಿನಲ್ಲಿ ಚಿಕ್ಕವರು, ಪ್ರತಿ ಕಾಗದವನ್ನೂ ಬೆರಳಿಟ್ಟು ಓದುವವರು. ಬೆಂಗಳೂರಿನ ಪ್ರಮಾಣಪತ್ರವನ್ನು ಓದಿ ನನ್ನನ್ನು ಕಟಕಟೆಗೆ ಕರೆದರು.

"ಮುಖ್ಯಸ್ಥರು ಈ ಕಾಗದವನ್ನು ಖುದ್ದಾಗಿ ಓದಿದ್ದಾರೆಯೇ?"

"ಓದಿದ್ದಾರೆಂದು ಪ್ರಮಾಣಪತ್ರದಲ್ಲಿದೆ ಸ್ವಾಮಿ."

"ಅದು ನನಗೂ ಕಾಣುತ್ತದೆ. ಅಚ್ಚಾಗಿರುವುದನ್ನು ಕೇಳಲಿಲ್ಲ. ನಿಮಗೆ ತಿಳಿದಂತೆ ಓದಿದ್ದಾರೆಯೇ? ಇಲ್ಲವೆಂದರೆ ವಾಪಸು ಕಳಿಸುತ್ತೇನೆ. ಓದಿ, ಮತ್ತೆ ಯೋಚಿಸಿ ಬರೆಯಲಿ."

ಅಷ್ಟು ಸುಲಭವಾಗಿ ಯಾರೂ ಬಾಗಿಲು ತೆರೆದುಕೊಟ್ಟಿರಲಾರರು. ಇಲ್ಲ ಎಂದರೆ ಸಾಕಿತ್ತು. ಚೀಟಿಯಲ್ಲೇನಿದೆ ಎಂದು ನಾನು ಹೇಳಬೇಕಾಗಿರಲಿಲ್ಲ, ಯಾರ ಹೆಸರನ್ನೂ ಬಿಟ್ಟುಕೊಡಬೇಕಾಗಿರಲಿಲ್ಲ. ಬುಡನ್ ನನ್ನ ತುಟಿಯನ್ನೇ ನೋಡುತ್ತಿದ್ದ.

"ಓದಿದ್ದಾರೆ ಸ್ವಾಮಿ" ಎಂದೆ.

ಮುನ್ಸಿಫರು ಒಂದು ಗಳಿಗೆ ನನ್ನನ್ನು ನೋಡಿ, ಸರ್ಕಾರದ ಹಕ್ಕನ್ನು ಒಪ್ಪಿರುವುದಾಗಿ ಬರೆಸಿದರು. ಲಕೋಟೆಯನ್ನು ನನ್ನ ಕಡೆಗೆ ಸರಿಸಿದರು. ಆಗ ಹಿಂದಿನಿಂದ ಖಾದರ್‌ನ ದನಿ ಕೇಳಿತು.

"ಸ್ವಾಮಿ, ಆ ಅರಗು ನಮ್ಮದೇ. ನಾನೇ ಕಾಯಿಸಿ ಕೊಟ್ಟಿದ್ದು. ಒಸಿ ಬಿಸಿ ತೋರಿಸಿದ್ರೆ ಬಿಟ್ಕೊಳ್ತೈತೆ, ಕಾಗ್ದ ಹರಿಯಾಕಿಲ್ಲ. ಒಂದ್ಸಲ ನೋಡಿ ಮತ್ತೆ ಮುಚ್ಬುಡಿ ಸ್ವಾಮಿ."

ಯಾರೂ ನಗಲಿಲ್ಲ. ಕೋರ್ಟಿನ ಜವಾನ ಅವನನ್ನು ಕೂರಿಸಿದ. ಕೋರ್ಟಿನಿಂದ ಹೊರಗೆ ಬರುವಾಗ ಅವನು ಹಿರಿಯರೊಬ್ಬರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಅವನದಲ್ದಿದ್ರೆ ಯಾಕ್ ಮುಚ್ಚಿಡ್ತಿದ್ರು? ಬರೆದವನನ್ನ ಉಳಿಸಾಕೆ ತಾನೆ ಮುಚ್ಚಿದ್ದು?" ಅಮಲ್ದಾರರು ಹೆದರಿದ್ದು ಇದಕ್ಕೇ. ಎಲ್ಲ ಚೀಟಿಗಳನ್ನು ಮುಚ್ಚಿಟ್ಟರೂ ಜನ ಹೀಗೇ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಸಂಜೆಗೆ ಮುಂಚಿನ ರೈಲಿಗೆ ನಾನೂ ಮರಿಯಪ್ಪನೂ ಚನ್ನಪಟ್ಟಣಕ್ಕೆ ಹೊರಟೆವು. ಮೂರನೆಯ ತರಗತಿಯ ಡಬ್ಬಿ. ಲಕೋಟೆ ನನ್ನ ತೊಡೆಯ ಮೇಲಿತ್ತು. ಬುಡನ್ ಅದೇ ಡಬ್ಬಿಗೆ ಹತ್ತಿ ನನ್ನ ಎದುರಿಗೇ ಕೂತ. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಅವನಿಗೆ ಬೇಕಾದ ಕಾಗದ. ಮರಿಯಪ್ಪ ನಡುವೆ ಕಾಲು ಅಡ್ಡ ಹಾಕಿದ.

"ಹೆದರ್ಕೋಬೇಡಣ್ಣ, ಕಿತ್ಕೊಳ್ಳಾಕೆ ಬಂದಿಲ್ಲ" ಎಂದ ಬುಡನ್. ಆಮೇಲೆ ನನ್ನ ಕಡೆ ತಿರುಗಿದ. "ನೀವು ನೋಡಿದ್ದೀರಿ ಸ್ವಾಮಿ. ನನಗ್ಗೊತ್ತು, ಕೋರ್ಟ್ನಾಗೆ ನಿಮ್ಮ ಮುಖ ನೋಡ್ದೆ. ಯಾರು ಬರ್ದಿದ್ದು ಅಂತ ನಾನು ಕೇಳಲ್ಲ. ಅದು ನನಗ್ ಬ್ಯಾಡ. ನಾನಲ್ಲ ಅಂತ ನಮ್ಮಣ್ಣನ ಮುಂದೆ ಒಂದ್ಸಲ ತಲೆ ಆಡಿಸ್ಬುಡಿ. ಬಾಯಿ ತೆಗೀಬ್ಯಾಡಿ. ತಲೆ ಆಡಿಸಿದ್ರೆ ಸಾಕು."

ನಾನು ಕಿಟಕಿಯ ಹೊರಗೆ ನೋಡಿದೆ. ಕ್ಲೋಸ್‌ಪೇಟೆಯ ಬಂಡೆಗಳು ಹಿಂದೆ ಸರಿಯುತ್ತಿದ್ದವು.

"ನಾನು ಹಗ್ಗ ಎಳೆಯೋನು. ಬ್ಯಾರೆ ಕಸುಬು ನನಗ್ ಬರಲ್ಲ. ನಮ್ಮಣ್ಣನ ಕೈಗೆ ಹೊಂದ್ಕೊಂಡಿರೋ ಕೈ ಇದು. ಇನ್ನೊಬ್ರ ಚರಕೀಲಿ ಎಳುದ್ರೆ ಅರಗು ಕೂರಲ್ಲ, ನೋಡ್ಬಿಟ್ಟೀವ್ನಿ." ಅವನು ಅಂಗೈ ತೋರಿಸಿದ. ಹಗ್ಗದ ಗೆರೆ ಚರ್ಮದಲ್ಲಿ ಇಳಿದಿತ್ತು. "ತಲೆ ಆಡಿಸ್ತೀರಾ ಸ್ವಾಮಿ?"

"ಅದು ಸರ್ಕಾರದ ಕಾಗದ. ನಾನು ಏನೂ ಹೇಳುವ ಹಾಗಿಲ್ಲ" ಎಂದೆ.

ಅವನು ಮತ್ತೆ ಕೇಳಲಿಲ್ಲ. ಚನ್ನಪಟ್ಟಣ ಬಂದಾಗ ನಮಗಿಂತ ಮೊದಲು ಇಳಿದು ಹೋದ. ಮರಿಯಪ್ಪ ಕಚೇರಿಯ ಮೆಟ್ಟಿಲ ಮೇಲೆ ನಿಂತು, "ಬುದ್ಧಿ, ಒಳಗೇನೈತೆ ಅಂತ ನಾನು ಕೇಳಾಕಿಲ್ಲ. ಆದ್ರೆ ಆ ಹೈದ ಅಲ್ಲ ಅನ್ನಂಗಿದ್ರೆ ನಿಮಗ್ ಒಳ್ಳೇದಾಗಾಕಿಲ್ಲ" ಎಂದ. ಜವಾನ ಹಾಗೆ ಮಾತಾಡಿದ್ದಕ್ಕೆ ನಾನು ಗದರಲಿಲ್ಲ. ಗದರುವ ಮುಖ ನನಗಿರಲಿಲ್ಲ.

ದಾವೆ ಬಿದ್ದುಹೋಯಿತು. ಬುಡನ್ ಹೆಂಡತಿ ಮಕ್ಕಳೊಂದಿಗೆ ಕಾನಕಾನಹಳ್ಳಿಗೆ ಹೋಗಿ ರೇಷ್ಮೆ ಬಿಚ್ಚುವವರ ಹತ್ತಿರ ಕೂಲಿಗೆ ಸೇರಿದ. ಖಾದರ್ ಹಗ್ಗಕ್ಕೆ ಬೇರೆ ಆಳನ್ನು ಇಟ್ಟ. ನಾನು ಮೊಹರಿನ ಅರಗನ್ನು ಬೇರೆ ಕಡೆಯಿಂದ ತರಲು ಶುರುಮಾಡಿದೆ. ಅವನ ಅಂಗಡಿಯ ಬೀದಿಯನ್ನೇ ಬಿಟ್ಟೆ.

ಅಮಲ್ದಾರರಿಗೆ ವರ್ಗವಾಯಿತು. ಹೊರಡುವ ದಿನ ಒಬ್ಬರೇ ರೆಕಾರ್ಡ್ ಕೋಣೆಗೆ ಬಂದು ಆ ಚೀಟಿ ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. ಮುಟ್ಟಲಿಲ್ಲ, ಬಟ್ಟೆಯ ಗಂಟನ್ನು ನೋಡಿದರು, ಹೋದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಅಚ್ಚಿನ ನಮೂನೆಯನ್ನು ನಾನು ಆಮೇಲೂ ಎಷ್ಟೋ ಸಲ ತುಂಬಿದೆ. ಆದರೆ ಕಾಗದವನ್ನು ಮೊದಲು ಓದಿ, ಒಳಗೇನಿದೆಯೆಂದು ನಾಲ್ಕು ಸಾಲು ಕೈಯಲ್ಲಿ ಬರೆದು ಮೇಲಿನವರ ಮುಂದಿಡುವುದನ್ನು ರೂಢಿಮಾಡಿಕೊಂಡೆ. ಕೆಲವರು ಓದುತ್ತಿದ್ದರು, ಕೆಲವರು ನಿಧಾನವಾಯಿತೆಂದು ರೇಗುತ್ತಿದ್ದರು. ಒಂದೆರಡು ಕಾಗದಗಳನ್ನು ಆ ನಾಲ್ಕು ಸಾಲು ನೋಡಿಯೇ ಕೋರ್ಟಿಗೆ ಬಿಟ್ಟುಕೊಟ್ಟದ್ದುಂಟು. ನನ್ನ ಮಟ್ಟಿಗೆ ಅದು ಪ್ರಾಯಶ್ಚಿತ್ತ. ಬುಡನ್‌ನ ಮಟ್ಟಿಗೆ ಅದು ಏನೂ ಅಲ್ಲ.

ಯುದ್ಧಜ್ವರ, ಅಂದರೆ ಇನ್‌ಫ್ಲುಯೆಂಜಾ, ಬಂದ ವರ್ಷ ನಾನು ಕಾನಕಾನಹಳ್ಳಿಯಲ್ಲಿದ್ದೆ. ದಿನವೂ ಹೆಣಗಳು ಹೋಗುತ್ತಿದ್ದವು. ಸತ್ತವರ ಹೆಸರು ಕಚೇರಿಗೆ ಬರುತ್ತಿದ್ದವು, ಕಡತಕ್ಕೆ ಸೇರಿಸುವವನು ನಾನು. ಒಂದು ಬೆಳಗ್ಗೆ ಪಟ್ಟಿಯಲ್ಲಿ ಬುಡನ್‌ನ ಹೆಸರಿತ್ತು. ಊರು ಚನ್ನಪಟ್ಟಣ, ಕಸುಬು ರೇಷ್ಮೆ ಕೂಲಿ ಎಂದು ಬರೆದಿತ್ತು. ಖಬರಸ್ತಾನದ ಕಡೆಗೆ ಹೋದೆ. ಮಣ್ಣು ಮಾಡಿ ಆಗಿತ್ತು. ಅವನ ಮಗ, ನನ್ನ ಗುರುತಿಲ್ಲದವನು, ದೊಡ್ಡಪ್ಪನಿಗೆ ಹೇಳಿಕಳಿಸಿದ್ದೆವು, ಅವರು ಬರಲಿಲ್ಲ ಎಂದ. ನಾನು ಅಲ್ಲಿಯೂ ಏನೂ ಹೇಳಲಿಲ್ಲ. ಆಗಲೂ ನೌಕರಿಯಲ್ಲಿದ್ದೆ.

ನಿವೃತ್ತಿಯಾಗಿ ಪೆನ್ಷನ್ ಆದೇಶ ಕೈಗೆ ಬಂದ ವಾರ ಚನ್ನಪಟ್ಟಣಕ್ಕೆ ಹೋದೆ. ಖಾದರ್ ಮುದುಕನಾಗಿದ್ದ. ಆ ಹೊತ್ತಿಗೆ ಎಂಜಿನ್ನಿನಿಂದ ತಿರುಗುವ ಚರಕಿ ಬಂದಿತ್ತು. ಹಗ್ಗ ಎಳೆಯುವವರು ಬೇಕಿರಲಿಲ್ಲ. ಅವನು ಅದರ ಮುಂದೆ ಒಬ್ಬನೇ ಕೂತು ಒಂದು ಗಿಲಕಿಗೆ ಹಳದಿ ಒತ್ತುತ್ತಿದ್ದ. ನನ್ನನ್ನು ಗುರುತು ಹಿಡಿದು ಯಂತ್ರ ನಿಲ್ಲಿಸಿದ. ಚಾಪೆ ಹಾಕಿಸಿ, ಚಹಾ ತರಿಸಿದ. ನಾನು ಚಹಾ ಮುಟ್ಟುವ ಮೊದಲೇ ಹೇಳಿಬಿಟ್ಟೆ. ಚೀಟಿ ಬರೆಸಿದ್ದು ನಿಮ್ಮ ತಾಯಿ, ಬುಡನ್ ಅಲ್ಲ.

ಅವನು ಅರಗಿನ ಕಡ್ಡಿಯನ್ನು ಕೆಳಗಿಟ್ಟ. "ಏನಂತ ಬರೆಸಿದ್ಲು? ಅವಳ ಮಾತು ಹೆಂಗಿತ್ತೋ ಹಂಗೇ ಹೇಳಿ" ಎಂದ.

ನನಗೆ ಬಾಯಿಗೆ ಬರುತ್ತಿತ್ತು. ಒಂದಕ್ಷರ ಬಿಡದೆ ಹೇಳಿದೆ. ಹೆಬ್ಬೆಟ್ಟಿನ ಕೆಂಪನ್ನೂ ಹೇಳಿದೆ. ಅವನು ತನ್ನ ಕೈಬೆರಳನ್ನು ನೋಡಿಕೊಂಡ. ಕಣ್ಣಿನಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಆ ವರ್ಷ ಈ ಬೀದೀಲಿ ಮಕ್ಕಳು ಹೋಗದ ಮನೆ ಇರಲಿಲ್ಲ" ಎಂದ. "ನಮ್ಮ ಮನೇಲಿ ಐದೂ ಉಳ್ಕೊಂಡ್ವು. ಯಾಕೆ ಅಂತ ನಾನು ಒಂದ್ ದಿನಾನೂ ಯೋಚ್ನೆ ಮಾಡ್ಲಿಲ್ಲ."

ನಾನು ಕ್ಷಮೆಯ ಮಾತು ಜೋಡಿಸಿಕೊಳ್ಳುತ್ತಿದ್ದೆ. ಕಾಯಿದೆ ಹಾಗಿತ್ತು, ಸರ್ಕಾರದ ಮಾತು ಕೊಟ್ಟಾಗಿತ್ತು ಎಂದು ತೊದಲಿದೆ. ಅವನು ಕೈ ಎತ್ತಿ ನಿಲ್ಲಿಸಿದ.

"ಬುಡನ್ ಸತ್ತಾಗ ಮಣ್ಣು ಹಾಕಾಕೆ ನಾನು ಹೋಗ್ಲಿಲ್ಲ ಸ್ವಾಮಿ. ನಿಮಗ್ಗೊತ್ತಾ?"

"ಗೊತ್ತು" ಎಂದೆ.

"ಅವತ್ತು ಸರ್ಕಾರಕ್ಕೋಸ್ಕರ ಬಾಯಿ ಮುಚ್ಕೊಂಡ್ರಿ. ಆಗ್ಲಿ. ಇವತ್ತು ನಿಮ್ಮ ಎದೆ ಹಗುರ ಮಾಡ್ಕೊಳ್ಳಾಕೆ ಬಾಯಿ ಬಿಟ್ರಿ. ಅದೂ ಆಗ್ಲಿ. ಅವನು ಬದುಕಿದ್ದಾಗ ನಮ್ಮಿಬ್ಬರಿಗೋಸ್ಕರ ಅಂತ ಒಂದ್ ದಿನ ಸಿಗ್ಲಿಲ್ವಾ ಸ್ವಾಮಿ ನಿಮಗೆ?"

ಸಿಕ್ಕಿತ್ತು. ಎಷ್ಟೋ ದಿನ ಸಿಕ್ಕಿತ್ತು. ಹಾಗೆಂದು ಅವನ ಮುಖ ನೋಡಿ ಹೇಳುವ ಧೈರ್ಯ ನನಗೆ ಅಲ್ಲಿಯೂ ಬರಲಿಲ್ಲ.